ತಿಮ್ಮಪ್ಪ ಹಚ್ಚಿದ ಎಣ್ಣೆ

ಉಪ್ಪುಗಾಳಿಯ ಊರಲ್ಲಿ ಲೋಹ ಉಳಿಯಬೇಕಾದರೆ ಎಣ್ಣೆ ಕುಡಿಯಲೇಬೇಕು ಎಂಬುದು ತಿಮ್ಮಪ್ಪನ ಪಾಲಿಗೆ ವೇದ. ಜೂನ್‌ನಲ್ಲಿ ಮೀನುಗಾರಿಕೆ ನಿಂತು ಬೋಟುಗಳು ದಡ ಹತ್ತಿದ ಕೂಡಲೇ ಅವನು ಹೊನ್ನಾವರದ ಅಜಯ ಸಾವ್ಕಾರರ ಬೋಟು ರಿಪೇರಿ ಶೆಡ್ಡಿನಲ್ಲಿ ಬ್ರಶ್ಶು ಹಿಡಿದು ಕೂರುತ್ತಿದ್ದ. ಲಂಗರು, ಸರಪಳಿ, ಸ್ಪ್ಯಾನರು, ಕೊನೆಗೆ ಬಾಗಿಲ ಚಿಲಕ ಕೂಡ, ತಾರ್ಲೆ ಮೀನಿನ ಎಣ್ಣೆ ಬಳಿಯದೆ ಒಂದನ್ನೂ ಬಿಡುತ್ತಿರಲಿಲ್ಲ. ಮೂವತ್ತೆರಡು ವರ್ಷ ಹೀಗೇ. ಅವನ ಕೈ ಮುಟ್ಟಿದ್ದಕ್ಕೆ ತುಕ್ಕು ಹಿಡಿಯುವುದಿಲ್ಲ ಎಂದು ಸಾವ್ಕಾರರೇ ನಾಲ್ಕು ಜನರೆದುರು ಹೊಗಳಿದ್ದರು. ಹೊಗಳಿಕೆಗೆ ಖರ್ಚಿಲ್ಲವಲ್ಲ!

ಈ ವರ್ಷ ಮೂಲೆಯಲ್ಲಿದ್ದ ಆಕ್ಸಿಜನ್ ಸಿಲಿಂಡರಿನ ಮೇಲೂ ಅವನ ಕಣ್ಣು ಬಿತ್ತು. ಅದೇ ಶೆಡ್ಡಿನಲ್ಲಿ ಕೆಲಸಕ್ಕಿದ್ದ ಅವನ ಅಳಿಯ ರಾಘು ಕಬ್ಬಿಣ ಕತ್ತರಿಸಲು ಬಳಸುವ ಸಿಲಿಂಡರು ಅದು. ವಾಲ್ವಿನ ಮೇಲಿನ ಟೋಪಿ ಯಾವಾಗಲೋ ಕಳೆದುಹೋಗಿ, ಹಿತ್ತಾಳೆಗೆ ಕಿಲುಬು ಹಿಡಿದಿತ್ತು. ಅಳಿಯನಿಗೆ ತಿರುಗಿಸಲು ಸುಲಭವಾಗಲಿ ಎಂದು ತಿಮ್ಮಪ್ಪ ಪ್ರೀತಿಯಿಂದಲೇ ಉಜ್ಜಿ, ರೆಗ್ಯುಲೇಟರ್ ಕೂರಿಸುವ ಬಾಯಿಯೊಳಗೂ ನಾಲ್ಕು ಹನಿ ಬಿಟ್ಟ.

ಜುಲೈ ಕೊನೆಯಲ್ಲಿ ಕಬ್ಬಿಣ ಕತ್ತರಿಸುವ ಕೆಲಸ ಶುರುವಾಯಿತು. ರಾಘು ರೆಗ್ಯುಲೇಟರ್ ಜೋಡಿಸಿ ವಾಲ್ವು ತಿರುಗಿಸಿದ. ಒತ್ತಡದಲ್ಲಿರುವ ಆಕ್ಸಿಜನ್ನಿಗೆ ಎಣ್ಣೆ ಸಿಕ್ಕರೆ ಬೆಂಕಿಕಡ್ಡಿಯೂ ಬೇಡ. ಢಂ ಎಂದದ್ದು ಕೇಳಿ ತಿಮ್ಮಪ್ಪ ಓಡಿ ಬಂದಾಗ ಮಗಳು ಗಾಯತ್ರಿಯ ಗಂಡ ಮುಖ ಮುಚ್ಚಿಕೊಂಡು ನೆಲದ ಮೇಲೆ ಹೊರಳುತ್ತಿದ್ದ. ಎರಡು ಕಣ್ಣೂ ಹೋದವು.

ಹತ್ತು ದಿನ ಬಿಟ್ಟು ಕಾರ್ಮಿಕ ಇಲಾಖೆಯ ಅಧಿಕಾರಿ ಬಂದ. ವಾಲ್ವಿನ ಜಿಡ್ಡು ನೋಡಿ, ಅನಾಹುತಕ್ಕೆ ಈ ಎಣ್ಣೆಯೇ ಕಾರಣ ಎಂದ. ಎಣ್ಣೆ ಹಚ್ಚಿದ್ದು ರಾಘುವೇ, ಅವನದೇ ಅಜಾಗ್ರತೆ ಎಂದರು ಸಾವ್ಕಾರರು. ಹಾಗಂತ ಬರೆದುಕೊಂಡರೆ ರಾಘುವಿಗೆ ಬಿಡಿಗಾಸು ಪರಿಹಾರವೂ ಸಿಗುವುದಿಲ್ಲ. ತಿಮ್ಮಪ್ಪ ಮುಂದೆ ಬಂದು ನಿಂತ.

“ಹಚ್ಚಿದ್ದು ನಾನು ಸಾಯೇಬ್ರೆ. ರಾಘುದು ಎಂತ ತಪ್ಪೂ ಇಲ್ಲ. ಸಾವ್ಕಾರ್ರ ಕೆಲ್ಸ ಅಂತ್ಲೇ ಹಚ್ಚಿದ್ದು. ಹಚ್ಚೂಕಾಗೂದಿಲ್ಲ ಅಂತ ನಂಗೆ ಯಾರೂ ಹೇಳ್ಲಿಲ್ಲ.”

ಅಜಯ ಸಾವ್ಕಾರರು ರೆಪ್ಪೆಯನ್ನೂ ಬಡಿಯಲಿಲ್ಲ. “ಇವ ನಮ್ಮ ಕೆಲಸದವನೇ ಅಲ್ಲ ಸರ್. ರಾಘುನ ಮಾವ. ಅಳಿಯನ ಸಂಗಡ ಬಂದು ಕೂತ್ಕಂತಿದ್ದ. ಬೇಡ ಅಂದ್ರೂ ಒಳಗೆ ಬಿಟ್ಕಂಡದ್ದು ರಾಘುನೇ.”

ರಿಜಿಸ್ಟರಿನಲ್ಲಿ ತಿಮ್ಮಪ್ಪನ ಹೆಸರಿಲ್ಲ. ಶನಿವಾರ ಶನಿವಾರ ಕೈಗೆ ಕೊಟ್ಟ ಪಗಾರಕ್ಕೆ ಚೀಟಿ ಎಲ್ಲಿಂದ ಬರಬೇಕು? ಮೂವತ್ತೆರಡು ವರ್ಷವನ್ನು ಆ ಮನುಷ್ಯ ಎಲೆಯಡಿಕೆಯ ಕವಳ ಉಗುಳಿದ ಹಾಗೆ ಉಗುಳಿಬಿಟ್ಟ. ಶೆಡ್ಡಿನ ಉಳಿದವರು ನೆಲ ನೋಡುತ್ತ ನಿಂತರು. ಅವರಿಗೂ ಹೆಂಡತಿ ಮಕ್ಕಳಿದ್ದಾರೆ, ನಿಜ. ಆದರೂ ತಿಮ್ಮಪ್ಪನಿಗೆ ಅವರ ಮೇಲೆ ಹೇಸಿಗೆಯಾಯಿತು. ಹೊರಗಿನವನ ತಪ್ಪು, ಅವನನ್ನು ಒಳಗೆ ಬಿಟ್ಟದ್ದು ರಾಘು ಎಂದು ಅಧಿಕಾರಿ ಬರೆದುಕೊಂಡು ಜೀಪು ಹತ್ತಿದ. ಅಳಿಯನನ್ನು ಉಳಿಸಲು ಆಡಿದ ಸತ್ಯವೇ ಅಳಿಯನನ್ನು ಮುಳುಗಿಸಿತು.

ಸಂಜೆ ಆಸ್ಪತ್ರೆಯಲ್ಲಿ ತಿಮ್ಮಪ್ಪ ಎಲ್ಲ ಹೇಳಿದ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ರಾಘು ಅವನ ದನಿ ಬಂದ ಕಡೆ ಮುಖ ತಿರುಗಿಸಿದ.

“ಮೇ ತಿಂಗಳಲ್ಲೇ ಸಾವ್ಕಾರ್ರಿಗೆ ಹೇಳಿದ್ದೆ ಮಾವಾ. ಆ ಸಿಲಿಂಡರಿಗೆ ಎಣ್ಣೆ ಮುಟ್ಟಿಸ್ಬೇಡಿ ಅಂತ ನಿಮಗೆ ಹೇಳೂಕೆ.”

“ಸಾವ್ಕಾರ್ರಿಗೆ ಹೇಳಿದ್ಯಾ?” ತಿಮ್ಮಪ್ಪ ಮಂಚದ ಕಡೆ ಬಾಗಿದ. “ದಿನಾ ಒಂದೇ ಬಸ್ಸಲ್ಲಿ, ಒಂದೇ ಸೀಟಲ್ಲಿ ಬರ್ತಿದ್ವಲ್ಲೋ! ನಂಗೇ ಹೇಳೂಕೆ ಎಂತಾಗಿತ್ತು?”

“ಹೆಣ್ಣು ಕೊಟ್ಟ ಮಾವ ನೀವು. ನಿಮ್ಮ ಕೆಲಸ ತಪ್ಪು ಅಂತ ನಾ ಹೆಂಗೆ ಹೇಳೂದು?”

ಅಳಿಯ ತನ್ನೆದುರು ತಲೆಯೆತ್ತಿ ಮಾತಾಡುವವನಲ್ಲ ಎಂದು ಆರು ವರ್ಷದಿಂದ ತನ್ನೂರು ಮಾವಳ್ಳಿಯ ತುಂಬ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವನು ತಿಮ್ಮಪ್ಪನೇ.