ನನ್ನ ಮೇಲೆ ಮಲಗಿದ ಅತ್ತೆ–ಸೊಸೆ

ನಾನು ಮೂಳೆಯ ಗಟ್ಟಿತನ ಅಳೆಯುವ ಯಂತ್ರ. ನೋಡಿದವರು ಮಂಚ ಎನ್ನುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಉದ್ದನೆಯ ಹಾಸಿಗೆ, ಅದರ ಮೇಲೆ ಅತ್ತಿಂದಿತ್ತ ಸರಿದಾಡುವ ಒಂದು ತೋಳು, ಪಕ್ಕದಲ್ಲೊಂದು ಕಂಪ್ಯೂಟರ್, ಇಷ್ಟೇ ನಾನು. ಮನುಷ್ಯರ ಮುಖ ನೋಡುವ ಯೋಗ ನನಗಿಲ್ಲ. ನನ್ನ ಪಾಲಿಗೆ ಬಂದದ್ದು ಬರೀ ಬೆನ್ನು. ಹೊತ್ತು ಹೊತ್ತು ಸಾಕಾಗಿದೆ. ಆದರೂ ಕೇಳುವವರಿದ್ದರೆ ಹೇಳುತ್ತೇನೆ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ನನ್ನ ಮೇಲೆ ಮೊದಲು ಮಲಗಿಸಿದ್ದು ಮನುಷ್ಯರನ್ನಲ್ಲ, ಪ್ಲಾಸ್ಟಿಕ್ ಇಟ್ಟಿಗೆಯೊಳಗೆ ಹುದುಗಿಸಿದ ಸುಳ್ಳು ಬೆನ್ನೆಲುಬನ್ನು. ಅದು ಇವತ್ತಿಗೂ ನನ್ನ ಜೊತೆಗಾರ. ಅದರ ಅಳತೆ ಎಂದೂ ಬದಲಾಗುವುದಿಲ್ಲ. ದಿನಾ ಬೆಳಗ್ಗೆ ಅದನ್ನು ಮಲಗಿಸಿ, ನಿನ್ನೆಯ ಅಂಕಿಯೇ ಬಂದರೆ ನನ್ನ ತಲೆ ನೆಟ್ಟಗಿದೆ ಎಂದು ತಿಳಿಯುತ್ತಿದ್ದರು. ಅದಕ್ಕೇನು, ಸುಖವಾಗಿದೆ. ಹಡೆದಿಲ್ಲ, ಹೊರೆ ಹೊತ್ತಿಲ್ಲ, ಒಲೆ ಮುಂದೆ ಕೂತಿಲ್ಲ.

ಹಡಗಿನಿಂದ ಇಳಿದು ಮೊದಲು ಸೇರಿದ್ದು ಬೆಂಗಳೂರಿನ ಒಂದು ಸ್ಕ್ಯಾನ್ ಸೆಂಟರನ್ನು. ಅಲ್ಲಿಗೆ ಬರುತ್ತಿದ್ದವರು ಹೊಟ್ಟೆ ತುಂಬಿದ ಜನ. ತಪಾಸಣೆಯ ಪ್ಯಾಕೇಜಿನಲ್ಲಿ ಸೇರಿದೆಯಲ್ಲ ಎಂದು ಮಲಗಿ, ಫೋನು ನೋಡುತ್ತ ಎದ್ದು ಹೋಗುತ್ತಿದ್ದರು. ಹೊಸ ಮಾದರಿ ಬಂದದ್ದೇ ತಡ, ನನ್ನನ್ನು ಬಿಚ್ಚಿ, ಕಂಬಳಿ ಸುತ್ತಿ ಲಾರಿ ಹತ್ತಿಸಿದರು. ಇಳಿಸಿದ್ದು ಹುಬ್ಬಳ್ಳಿಯ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ದಾರಿಯುದ್ದಕ್ಕೂ ಕುಲುಕಿದ್ದಕ್ಕೆ ನನ್ನ ತೋಳಿನಲ್ಲಿ ಒಂದು ಕಿರುಗುಟ್ಟುವಿಕೆ ಸೇರಿಕೊಂಡಿತು, ಕೊನೆಯವರೆಗೂ ಬಿಡಲಿಲ್ಲ.

ಇಲ್ಲಿಗೆ ತರಿಸಿಕೊಂಡವರು ಡಾಕ್ಟರ್ ವಸುಂಧರಾ ಇನಾಮದಾರ. ಥೈರಾಯ್ಡ್ ರೋಗ ನೋಡುವವರು. ಗಂಟಲಿನ ಆ ಚಿಕ್ಕ ಗ್ರಂಥಿ ಕೆಲಸ ಬಿಟ್ಟರೆ ದಿನಾ ಒಂದು ಗುಳಿಗೆ ನುಂಗಬೇಕು. ಗುಳಿಗೆ ಸಾಲದಾದರೆ ಮೈ ಊದುತ್ತದೆ, ಮಂಕು ಕವಿಯುತ್ತದೆ, ಕೂತಲ್ಲೇ ತೂಕಡಿಕೆ. ಹೆಚ್ಚಾದರೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ನಿದ್ದೆ ಹಾರಿಹೋಗುತ್ತದೆ, ಜೊತೆಗೆ ಸದ್ದಿಲ್ಲದೆ ಮೂಳೆ ಸವೆಯುತ್ತದೆ. ಎಷ್ಟು ಹೆಚ್ಚಾದರೆ ಎಷ್ಟು ಸವೆತ ಎಂಬುದನ್ನು ನಮ್ಮ ಕಡೆಯ ಹೆಣ್ಣುಮಕ್ಕಳಲ್ಲೇ ಅಳೆದು ನೋಡಬೇಕೆಂದು ಡಾಕ್ಟರರ ಹಟ. ಸಂಶೋಧನೆಗೆ ಸೇರಿದವರಿಗೆಲ್ಲ ಆಗಾಗ ರಕ್ತ ಪರೀಕ್ಷೆ, ವರ್ಷಕ್ಕೊಮ್ಮೆ ನನ್ನ ಮೇಲೆ ಮಲಗುವುದು, ಹೆಸರು ಬರೆದ ಶೀಸೆಯಲ್ಲಿ ಗುಳಿಗೆ. ಖಾಲಿ ಶೀಸೆ ತಂದು ತೋರಿಸಿ ಹೊಸದನ್ನು ಒಯ್ಯಬೇಕು.

ನನ್ನನ್ನು ನಡೆಸುತ್ತಿದ್ದವಳು ಶಮೀಮ. ನನ್ನ ಮೇಲೆ ಮಲಗುವ ಮುಂಚೆ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು, ಇಲ್ಲದಿದ್ದರೆ ನಾನು ಅದನ್ನೂ ಮೂಳೆಯೆಂದೇ ಲೆಕ್ಕ ಹಿಡಿಯುತ್ತೇನೆ. ತಾಳಿ ತೆಗೆಯಿರಿ ಎಂದರೆ ಹೆಂಗಸರು ಸಿಡಿಮಿಡಿಗೊಂಡು ಎದ್ದೇ ಹೋಗುತ್ತಿದ್ದರು. ತಾಳಿ ಅಕ್ಕಸಾಲಿಗನ ಕೈಗೆ ಹೋದಾಗ ಕೊರಳಿಗೆ ಅರಿಶಿಣದ ಕೊಂಬು ಕಟ್ಟಿಕೊಳ್ಳುವ ರೂಢಿ ಉಂಟಲ್ಲ, ಶಮೀಮ ಅದನ್ನೇ ಹಿಡಿದಳು. ಪೇಟೆಯಿಂದ ಕೊಂಬು ತಂದು, ಹಳದಿ ದಾರಕ್ಕೆ ಕಟ್ಟಿ, ಒಂದು ಬುಟ್ಟಿಯಲ್ಲಿ ಇಟ್ಟಳು. ಒಬ್ಬೊಬ್ಬರೂ ಕೊಂಬು ಕಟ್ಟಿಕೊಂಡು ಆಮೇಲೆ ತಾಳಿ ಬಿಚ್ಚುವರು. ಔಷಧದ ವಾಸನೆಯ ಆ ಕೋಣೆಯಲ್ಲಿ ನನಗೆ ಹಿಡಿಸಿದ ವಾಸನೆ ಅದೊಂದೇ.

ಹಾಗೆ ಕೊಂಬು ಕಟ್ಟಿಕೊಂಡು ಮಲಗಿದವರಲ್ಲಿ ಈ ಇಬ್ಬರು. ಅತ್ತೆ ಗುರಸಿದ್ಧವ್ವ, ಸೊಸೆ ಇಂದುಮತಿ. ಹಳೆ ಬಸ್ ನಿಲ್ದಾಣದ ಹತ್ತಿರ ಅವರದೊಂದು ಖಾನಾವಳಿ. ಗುರಸಿದ್ಧವ್ವನ ಗಂಡ ದುಡ್ಡಿನ ಗಲ್ಲೆಯ ಮೇಲೆ ಕೂರುತ್ತಿದ್ದ, ಮಗ ಬಡಿಸುತ್ತಿದ್ದ, ಒಳಗೆ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುವವರು ಇವರಿಬ್ಬರು. ಅತ್ತೆಯ ಥೈರಾಯ್ಡ್ ಕೊಂಚ ಸೋತಿತ್ತು, ಅವಳಿಗೆ ಅತಿ ಸಣ್ಣ ಅಳತೆಯ ಗುಳಿಗೆ. ಸೊಸೆಗೆ ಗಡ್ಡೆಯಾಗಿ ಗ್ರಂಥಿಯನ್ನೇ ತೆಗೆದುಹಾಕಿದ್ದರು, ಅವಳಿಗೆ ಅದರ ಐದು ಪಟ್ಟಿನದು.

ಮೊದಲ ಸಲ ಮಲಗಿದಾಗ ಗುರಸಿದ್ಧವ್ವನ ಬೆನ್ನೆಲುಬು ಕಂಡು ನನಗೇ ಖುಷಿಯಾಗಿತ್ತು. ಕಲ್ಲಿನಂಥ ಮೂಳೆ. ಮಲಗಿದಲ್ಲಿಂದಲೇ ಅವಳು ಶಮೀಮಳಿಗೆ ಮನೆಯ ಕತೆ ಹೇಳಿದಳು. ಮೈದುನರು ಜಗಳ ತೆಗೆದು ಒಲೆ ಬೇರೆ ಮಾಡಿಕೊಂಡು ಹೋದ ದಿನದಿಂದ ಬೇರೆ ಎಂಬ ಮಾತೇ ಅವಳಿಗೆ ಆಗಿಬರುತ್ತಿರಲಿಲ್ಲವಂತೆ. ತನ್ನ ಮನೆಯಲ್ಲಿ ಎಣ್ಣೆಯ ಶೀಸೆ ಒಂದೇ, ಬಾಚಣಿಗೆ ಒಂದೇ, ಅತ್ತೆ–ಸೊಸೆಗೆ ಸೀರೆಯ ಟ್ರಂಕೂ ಒಂದೇ ಎಂದು ಹೆಮ್ಮೆಪಟ್ಟುಕೊಂಡಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಮರುವರ್ಷ ಬಂದಾಗ ಆ ಮೂಳೆಯ ಅಂಕಿ ಇಳಿದಿತ್ತು. ಅದರ ಮರುವರ್ಷ ಇನ್ನೂ ಇಳಿಯಿತು. ವಯಸ್ಸಾದವರ ಮೂಳೆ ಸವೆಯುವುದು ಹೊಸದಲ್ಲ, ಆದರೆ ಈ ವೇಗ ನನಗೆ ಹಿಡಿಸಲಿಲ್ಲ. ಗುರಸಿದ್ಧವ್ವ ಮಾತ್ರ ಹಗುರಾಗಿ, ಚುರುಕಾಗಿ ಓಡಾಡುತ್ತಿದ್ದಳು. ಕೋಳಿ ಕೂಗುವ ಮುಂಚೆ ಏಳುತ್ತೇನೆ, ಕೂತರೆ ಕೂರಲಾಗುವುದಿಲ್ಲ, ಈ ವಯಸ್ಸಿನಲ್ಲೂ ಮೈಯೊಳಗೆ ಎಷ್ಟು ಕಸುವಿದೆ ನೋಡಿರಿ ಎನ್ನುವಳು. ಹಾಸಿಗೆಯ ಮೇಲೆ ಇಟ್ಟ ಅವಳ ಕೈ ಸಣ್ಣಗೆ ನಡುಗುತ್ತಿತ್ತು. ಅದು ನನಗೆ ಗೊತ್ತಾಗುತ್ತಿತ್ತು.

ಇಂದುಮತಿ ಅದಕ್ಕೆ ತದ್ವಿರುದ್ಧ. ವರ್ಷವರ್ಷಕ್ಕೂ ಭಾರವಾದಳು. ಮಲಗಿದ ಕೂಡಲೇ ನಿದ್ದೆ ಹೋಗುವಳು, ಎಬ್ಬಿಸಿದರೆ ನಾಚಿಕೊಂಡು ಏಳುವಳು. ಬಾಗಿಲ ಬಳಿಯಿಂದ ಅತ್ತೆಯ ಮಾತು ತೂರಿಬರುತ್ತಿತ್ತು. ಮೈಗಳ್ಳಿ, ಉಂಡ ಅನ್ನ ಎಲ್ಲಿ ಹೋಗುತ್ತದೋ, ತನ್ನ ಅರ್ಧ ವಯಸ್ಸಿಲ್ಲ, ತನ್ನ ಕಾಲುಭಾಗ ಕೆಲಸವಿಲ್ಲ. ಇಂದುಮತಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅವಳೂ ಅದನ್ನು ನಂಬಿಬಿಟ್ಟಿದ್ದಳು ಎಂದು ತೋರುತ್ತದೆ. ಕೇಳಿ ಕೇಳಿ ಬೇಸರವಾಗುತ್ತಿತ್ತು ನನಗೆ. ಆದರೆ ಅಂಕಿ ಬಿಟ್ಟು ನನಗೆ ಬೇರೆ ಬಾಯಿಲ್ಲ.

ಡಾಕ್ಟರರು ತಲೆ ಕೆಡಿಸಿಕೊಂಡರು. ರಕ್ತದಲ್ಲಿ ಅತ್ತೆಗೆ ಔಷಧ ಹೆಚ್ಚಾದಂತೆ ಕಾಣುತ್ತಿತ್ತು, ಸೊಸೆಗೆ ಕಡಿಮೆಯಾದಂತೆ. ಅತ್ತೆಗೆ ಇನ್ನು ಇಳಿಸಲು ಅಳತೆಯೇ ಉಳಿದಿರಲಿಲ್ಲ, ಸೊಸೆಗೆ ಏರಿಸುತ್ತ ಹೋದರು. ಸೊಸೆಗೆ ಏರಿಸಿದಷ್ಟೂ ಅತ್ತೆಯ ಮೂಳೆ ಇಳಿಯಿತು. ಖಾಲಿ ಶೀಸೆಗಳು ಮಾತ್ರ ತೊಳೆದು ಒರೆಸಿ ತಪ್ಪದೆ ಬರುತ್ತಿದ್ದವು. ಒಮ್ಮೆ ಡಾಕ್ಟರರು ಇಂದುಮತಿಯನ್ನೇ ಗದರಿದರು, ಗುಳಿಗೆ ನುಂಗದೆ ಚೆಲ್ಲುತ್ತೀಯೇನು ಎಂದು. ಗುರಸಿದ್ಧವ್ವನನ್ನು ಮಾತ್ರ ನನ್ನ ಅಂಚಿನ ಮೇಲೆ ಕೂರಿಸಿಕೊಂಡು ಮೆತ್ತಗೆ ಹೇಳಿದರು.

"ಹಿಂಗ ಸವೀತಾ ಹೋದ್ರ ಒಂದಿನ ಸುಮ್ಮನ ಎಡವಿದ್ರೂ ತೊಡಿ ಎಲಬು ಮುರೀತದ ಅವ್ವಾ. ಆಮ್ಯಾಲೆ ಒಲಿ ಮುಂದ ಕೂಡೂದು ನಿಮ್ಮ ಕೈಲೆ ಆಗೂದಿಲ್ಲ."

ಅಂದು ಮಾತ್ರ ಅವಳು ಕಸುವಿನ ಮಾತಾಡಲಿಲ್ಲ. ರೊಟ್ಟಿ ಬಡಿಯದ ಗುರಸಿದ್ಧವ್ವ ಯಾರಿಗೆ ಬೇಕು ಎಂದು ಗೊಣಗಿಕೊಂಡು ಇಳಿದುಹೋದಳು. ಹೆದರಿದ್ದಳು. ಇಳಿಯುವಾಗ ನನ್ನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ನಾಲ್ಕನೆಯ ವರ್ಷ. ರಕ್ತ ಕೊಡುವ ದಿನ ಗುಳಿಗೆಯನ್ನು ರಕ್ತ ಕೊಟ್ಟ ಮೇಲೆ ನುಂಗಬೇಕೆಂಬ ನಿಯಮ. ಹಿಂದೆಲ್ಲ ಇವರಿಬ್ಬರೂ ಹೊರಗೆ ನಲ್ಲಿಯ ಹತ್ತಿರ ನುಂಗಿ ಬರುತ್ತಿದ್ದರು. ಅಂದು ನಲ್ಲಿಯಲ್ಲಿ ನೀರಿರಲಿಲ್ಲ. ಕೋಣೆಗೆ ಬಂದು ಶಮೀಮಳ ಹತ್ತಿರ ಒಂದು ಲೋಟ ನೀರು ಕೇಳಿದರು. ಡಾಕ್ಟರರು ಅಲ್ಲೇ ಕಂಪ್ಯೂಟರಿನ ಮುಂದೆ ಕೂತು ಹಳೆಯ ಅಂಕಿಗಳನ್ನು ನೋಡುತ್ತಿದ್ದರು. ಗುರಸಿದ್ಧವ್ವ ಸೊಂಟದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದಳು. ತುಂಬ ಬಿಳಿ ಗುಳಿಗೆಗಳು. ಒಂದನ್ನು ತಾನು ಬಾಯಿಗೆ ಹಾಕಿಕೊಂಡು, ಒಂದನ್ನು ಸೊಸೆಯ ಕೈಗಿಟ್ಟಳು.

ಡಾಕ್ಟರರ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿತು. ಯಾರ ಗುಳಿಗೆ ಇವು ಎಂದು ಕೇಳಿದರು.

ಇಬ್ಬರದೂ ಎಂದಳು ಗುರಸಿದ್ಧವ್ವ. ಮೊದಲಿನಿಂದಲೂ ಹೀಗೇ. ಶೀಸೆ ತಂದ ದಿನವೇ ಎರಡನ್ನೂ ಡಬ್ಬಿಗೆ ಸುರಿದು, ಖಾಲಿಯಾದವನ್ನು ತೊಳೆದು ಎತ್ತಿಡುವುದು. ನೋಡಲು ಎಲ್ಲವೂ ಒಂದೇ ಥರ, ಬಿಳಿ, ದುಂಡಗೆ. ರೋಗವೂ ಒಂದೇ. ಒಂದೇ ಮನೆಯಲ್ಲಿ ಅತ್ತೆಗೊಂದು ಶೀಸೆ, ಸೊಸೆಗೊಂದು ಶೀಸೆ ಎಂದು ಗೋಡೆಯ ಮಾಡದಲ್ಲಿ ಜೋಡಿಸಿಟ್ಟರೆ ಬಂದವರು ಏನೆಂದುಕೊಂಡಾರು?

ಡಾಕ್ಟರರು ತಮ್ಮ ಹಣೆ ಒತ್ತಿಕೊಂಡರು. "ಅಕಿ ಕುತಿಗ್ಯಾಗ ಗ್ರಂಥಿನ ಇಲ್ಲ ಅವ್ವಾ. ನಿಮಗ ಚಿಟಿಕಿ ಸಾಕು, ಅಕಿಗೆ ಬೊಗಸಿ ಬೇಕು. ಕಲಸಿ ಕೊಟ್ರ ಅಕಿ ಪಾಲಿಂದು ನಿಮ್ಮ ಹೊಟ್ಟಿಗೆ, ನಿಮ್ಮ ಪಾಲಿಂದು ಅಕಿ ಹೊಟ್ಟಿಗೆ. ನಿಮ್ಮ ಎಲಬು ತಿಂದದ್ದು ಇದ. ಅಕಿನ್ನ ಮಂದ ಮಾಡಿದ್ದೂ ಇದ."

ಇಂದುಮತಿ ಕೈಯಲ್ಲಿ ಗುಳಿಗೆ ಹಿಡಿದೇ ನಿಂತಿದ್ದಳು. ಇಷ್ಟು ವರ್ಷದಲ್ಲಿ ನಾನು ಅವಳ ದನಿ ಸರಿಯಾಗಿ ಕೇಳಿದ್ದು ಅಂದೇ.

"ಹಂಗಾರ ನಾ ಮೈಗಳ್ಳಿ ಅಲ್ಲೇನ್ರೀ ಡಾಕ್ಟರ?"

ಅಲ್ಲ ಎಂದರು ಡಾಕ್ಟರರು. ಅವಳು ನನ್ನ ಅಂಚಿಗೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನಗೂ ಅಳು ಬರುತ್ತಿತ್ತೇನೋ, ಯಂತ್ರವಾಗಿರದಿದ್ದರೆ.

ಗುರಸಿದ್ಧವ್ವ ಡಬ್ಬಿಯ ಮುಚ್ಚಳವನ್ನು ತೆರೆದಳು, ಮುಚ್ಚಿದಳು. ಗುಳಿಗೆ ಬೇರೆ ಮಾಡಿದರೆ ಮನೆ ಬೇರೆ ಮಾಡಿದ ಹಾಗಲ್ಲವೇ ಎಂದು ಒಮ್ಮೆ ಕೇಳಿದಳು. ಡಬ್ಬಿಯನ್ನು ಶಮೀಮಳ ಮೇಜಿನ ಮೇಲಿಟ್ಟು ಹೊರಗೆ ಹೋದಳು.

ಸಂಶೋಧನೆಯ ಲೆಕ್ಕದಿಂದ ಇಬ್ಬರನ್ನೂ ತೆಗೆದುಹಾಕಬೇಕಾಯಿತು. ಕೊಟ್ಟ ಔಷಧವನ್ನು ಕೊಟ್ಟ ಹಾಗೆ ನುಂಗದವರ ಅಂಕಿ ಲೆಕ್ಕಕ್ಕೆ ಬರುವುದಿಲ್ಲವಂತೆ. ನಾಲ್ಕು ವರ್ಷ ಹೊತ್ತು ಅಳೆದದ್ದು ಹಾಗೆ ನೀರಿನಲ್ಲಿ ಹೋಮವಾಯಿತು. ಚಿಕಿತ್ಸೆಯನ್ನು ಮಾತ್ರ ಡಾಕ್ಟರರು ಬಿಡಲಿಲ್ಲ. ಬೇರೆ ಬೇರೆ ಬಣ್ಣದ ಶೀಸೆ ಕೊಟ್ಟರು, ಅತ್ತೆಗೆ ಮೂಳೆಯ ಔಷಧ ಶುರುಮಾಡಿದರು. ಕೆಲವೇ ತಿಂಗಳಲ್ಲಿ ಇಂದುಮತಿಯ ಮುಖದ ಊತ ಇಳಿದು, ಅದರಲ್ಲಿ ಹುದುಗಿದ್ದ ಕಣ್ಣು ಕಾಣತೊಡಗಿತು ಎಂದು ಶಮೀಮ ಹೇಳುತ್ತಿದ್ದಳು. ಗುರಸಿದ್ಧವ್ವನ ಓಡಾಟ ತಗ್ಗಿತು, ನಿದ್ದೆ ಬಂತು. ಆದರೆ ಸವೆದದ್ದು ಸವೆದಾಗಿತ್ತು. ಒಂದು ದಿನ ಅಡುಗೆಮನೆಗೆ ಇಳಿಯುವ ಒಂದೇ ಮೆಟ್ಟಿಲಿನಲ್ಲಿ ಕಾಲು ಜಾರಿತು. ಎಡತೊಡೆಯ ಮೂಳೆ ಮುರಿಯಿತು.

ಅಷ್ಟರಲ್ಲಿ ನನಗೂ ವಯಸ್ಸಾಗಿತ್ತು. ತೋಳು ನಡುವೆಯೇ ನಿಲ್ಲುವುದು, ಶಮೀಮ ಮೆತ್ತಗೆ ತಟ್ಟಿದರೆ ಮತ್ತೆ ಸರಿಯುವುದು. ಬಿಡಿಭಾಗ ಸಿಗುವುದಿಲ್ಲ ಎಂದು ಕಂಪನಿಯವರು ಕೈ ತೊಳೆದುಕೊಂಡರು. ಹೊಸ ಯಂತ್ರ ಮೇಲಿನ ಮಹಡಿಗೆ ಬಂದಿತ್ತು, ಇನ್ನೂ ಜೋಡಿಸಿರಲಿಲ್ಲ. ನನ್ನ ಮೇಲೆ ಕೊನೆಯದಾಗಿ ಮಲಗಿದವಳು ಗುರಸಿದ್ಧವ್ವ.

ಗಾಲಿಕುರ್ಚಿಯಲ್ಲಿ ಕರೆತಂದರು. ಎರಡೂ ಕಂಕುಳಿಗೆ ಕೈಕೊಟ್ಟು ಅವಳನ್ನು ಎತ್ತಿ ಮಲಗಿಸಿದವಳು ಇಂದುಮತಿ. ಒಬ್ಬಳೇ ಎತ್ತಿದಳು. ಮುರಿದ ಕಡೆ ರಾಡು ಹಾಕಿದ್ದರಿಂದ ಅಲ್ಲಿ ಅಳೆಯುವಂತಿರಲಿಲ್ಲ, ಬಲಗಡೆಯದಷ್ಟೇ. ಸವೆತ ನಿಂತಿದೆಯೋ ಇಲ್ಲವೋ ಅಂದು ತಿಳಿಯಬೇಕಿತ್ತು. ಶಮೀಮ ಪಾದವನ್ನು ಪಟ್ಟಿಯಿಂದ ಕಟ್ಟಿ, ಅಲುಗಾಡಬೇಡಿ ಎಂದಳು. ನಾನು ಕಿರುಗುಟ್ಟುತ್ತ ತೋಳು ಸರಿಸತೊಡಗಿದೆ.

"ಇಂದವ್ವಾ," ಎಂದಳು ಗುರಸಿದ್ಧವ್ವ. "ನಿನ್ನ ಪಾಲಿನ ಕಸುವು ನಾ ತಿಂದೆ. ತಿಂದು, ಮ್ಯಾಲೆ ನಿನಗ ಮೈಗಳ್ಳಿ ಅಂದೆ."

"ಈಗ ಮಾತು ಬ್ಯಾಡ್ರಿ ಅತ್ತಿ. ಅಳ್ಳಾಡಿದ್ರ ಮತ್ತೊಮ್ಮೆ ಮಲಗಬೇಕಾಗತೈತಿ."

ಮಾತೇನೋ ನಿಂತಿತು, ಅಳು ನಿಲ್ಲಲಿಲ್ಲ. ಬೆನ್ನೆಲ್ಲ ಬಿಕ್ಕುತ್ತಿತ್ತು. ಚಿತ್ರ ಕಲಸಿಹೋಯಿತು. ಶಮೀಮ ಎರಡನೆಯ ಸಲ ನೋಡಿದಳು, ಅದೂ ಕೆಟ್ಟಿತು. ಮೂರನೆಯ ಸಲ ಅವಳು ಗುಂಡಿ ಒತ್ತಲಿಲ್ಲ. ನನ್ನನ್ನು ಆರಿಸಿ, ಗೋಡೆಯ ಕಡೆ ಮುಖಮಾಡಿ ನಿಂತಳು. ಇಂದುಮತಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂದಲು ನೇವರಿಸುತ್ತ ಕೂತಳು. ಆ ಇಬ್ಬರ ಭಾರ ಒಟ್ಟಿಗೆ ನನ್ನ ಮೇಲಿತ್ತು. ಮರುದಿನ ನನ್ನನ್ನು ಮತ್ತೆ ಹಚ್ಚಿದರೆ ತೋಳು ಸರಿಯಲೇ ಇಲ್ಲ.

ಈಗ ನಾನು ಆಸ್ಪತ್ರೆಯ ಹಿಂದಿನ ಸಾಮಾನು ಕೋಣೆಯಲ್ಲಿದ್ದೇನೆ. ಮುರಿದ ಸ್ಟ್ರೆಚರು, ಚಕ್ರ ಕಳಚಿದ ಕುರ್ಚಿಗಳು ನನ್ನ ನೆರೆಹೊರೆ. ಇಷ್ಟೊಂದು ಬೆನ್ನು ಅಳೆದೆ, ಆದರೆ ಒಂದು ಮನೆಯ ತಪ್ಪು ಹಿಡಿಯಲು ನನ್ನ ಅಂಕಿಗಳು ಸಾಲಲಿಲ್ಲ, ನಲ್ಲಿಯ ನೀರು ನಿಲ್ಲಬೇಕಾಯಿತು. ಯೋಚಿಸಿದರೆ ದಣಿವು ಇನ್ನಷ್ಟು ಹೆಚ್ಚುತ್ತದೆ.

ಶಮೀಮ ಮೊನ್ನೆ ಯಾವುದೋ ವೈರು ಹುಡುಕುತ್ತ ಬಂದಿದ್ದಳು. ಜೊತೆಗಿದ್ದವಳಿಗೆ ಹೇಳುತ್ತಿದ್ದಳು. ಹೊಸ ಯಂತ್ರದಲ್ಲಿ ಗುರಸಿದ್ಧವ್ವನ ಮೂಳೆ ಮತ್ತೆ ಇಳಿದಿಲ್ಲವಂತೆ. ವಾಕರ್ ಹಿಡಿದು ನಡೆಯುತ್ತಾಳಂತೆ, ಒಲೆಯ ಮುಂದೆ ಕೂರಲು ಮಾತ್ರ ಆಗುವುದಿಲ್ಲ. ಅಲ್ಲೀಗ ಇಂದುಮತಿ. ಅತ್ತೆ ಗಲ್ಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುತ್ತಾಳೆ, ರೊಟ್ಟಿ ಚೆನ್ನಾಗಿದೆ ಎಂದ ಗಿರಾಕಿಗಳಿಗೆಲ್ಲ ಸೊಸೆಯ ಹೆಸರು ಹೇಳುತ್ತಾಳೆ.