ಬೂದು ಕೋಳಿಯ ಸಲಾಡ್

ಮಳೆ ಹಿಂದೆ ಸರಿದು ಬಿಸಿಲು ಹದಕ್ಕೆ ಬಂದಿತ್ತು. ಹುಲ್ಲು ಬಲಿತು ಒರಟಾಗುವ ಮೊದಲು ಕೊಯ್ದು, ಮಗುಚಿ ಒಣಗಿಸಿ, ಅಟ್ಟಕ್ಕೆ ಸೇರಿಸಬೇಕು. ಅದಕ್ಕೆ ಸಿಗುವುದು ಹತ್ತೇ ದಿನ. ಮೊಟ್ಟೆಯಕ್ಕನ ಹುಲ್ಲುಗಾವಲಿನಲ್ಲಿ ಬೆಳಗಿನಿಂದ ಎರಡು ಕುಡುಗೋಲು ಆಡುತ್ತಿದ್ದವು. ಒಂದು ಅವಳದೇ. ಮನೆಮನೆಗೆ ಮೊಟ್ಟೆ ಕೊಡುವವಳಾದ್ದರಿಂದ ಊರಿಗೆಲ್ಲ ಅವಳು ಮೊಟ್ಟೆಯಕ್ಕ. ಇನ್ನೊಂದು ಬೇಲಿಯಾಚೆಯ ಬಡಗಿಯ ಹೆಂಡತಿಯದು. ಇವತ್ತು ಇವಳ ಹುಲ್ಲಿಗೆ ಅವಳು, ನಾಳೆ ಅವಳ ಹುಲ್ಲಿಗೆ ಇವಳು. ಮಧ್ಯಾಹ್ನದ ಊಟ ತರುವುದು ಕೆಲಸಕ್ಕೆ ಬಂದವಳು. ಹದಿನೆಂಟು ವರ್ಷದಿಂದ ಈ ಮುಯ್ಯಾಳು ನಡೆದುಕೊಂಡು ಬಂದಿತ್ತು.

ನೆತ್ತಿ ಸುಡತೊಡಗಿದಾಗ ಇಬ್ಬರೂ ಮರದಡಿ ಕೂತರು. ಬಡಗಿಯ ಹೆಂಡತಿ ಡಬ್ಬಿ ತೆಗೆದಳು. ಒಳಗೆ ಚಿಕನ್ ಸಲಾಡ್, ಪಕ್ಕದಲ್ಲಿ ಬ್ರೆಡ್ಡು.

ಒಂದು ತುತ್ತು ಬಾಯಿಗಿಟ್ಟ ಮೊಟ್ಟೆಯಕ್ಕ ಅಗಿಯುವುದನ್ನು ನಿಲ್ಲಿಸಿದಳು. ಅಂಗಡಿಯ ಕೋಳಿ ಬೆಂದರೆ ಬೆಣ್ಣೆಯಂತೆ ಮುರಿಯುತ್ತದೆ. ಇದು ದಾರದಂತೆ ಉದ್ದುದ್ದ ಎಳೆ ಬಿಟ್ಟಿತ್ತು. ಅಂಗಳದಲ್ಲಿ ಓಡಾಡಿ ಮೂರು ವರ್ಷ ಮೊಟ್ಟೆಯಿಟ್ಟ ಕೋಳಿಯದು ಮಾತ್ರ ಹಾಗಿರುತ್ತದೆ. ಅವಳ ಬೂದು ಕೋಳಿ ಕಾಣೆಯಾಗಿ ನಾಲ್ಕು ದಿನವಾಗಿತ್ತು.

“ಎಲ್ಲೀದೇ ಈ ಕೋಳಿ?”

“ಅಂಗಡೀದು ಅಕ್ಕ. ಇನ್ನೆಲ್ಲಿಂದ ಬರುತ್ತೆ?” ಉತ್ತರ ತೀರ ಬೇಗ ಬಂತು. ಹೇಳಿದವಳು ಬ್ರೆಡ್ಡಿನ ಅಂಚು ಕೀಳುತ್ತ ಕೂತಳು.

“ಸಿಹಿ ಜಾಸ್ತಿ ಸುರಿದಿದೀಯ.”

“ನಿನ್ನ ನಾಲಿಗೆಗೆ ಜೇನೂ ಹುಳೀನೇ ಇರ್ಬೇಕು. ತಿನ್ನು ಸುಮ್ನೆ.”

ಮೊಟ್ಟೆಯಕ್ಕ ಸುಮ್ಮನೆ ತಿಂದಳು. ಆದರೆ ಬಡಗಿಯ ಹೆಂಡತಿ ನೀರು ಕುಡಿಯಲು ಆಚೆ ತಿರುಗಿದಾಗ ನಾಲ್ಕು ಎಳೆ ಕರವಸ್ತ್ರಕ್ಕೆ ಸುತ್ತಿಕೊಂಡಳು.

ಸಂಜೆ ಗಂಡನ ಮುಂದೆ ಮಾತು ತೆಗೆದಳು.

“ನರಿ ಹೊತ್ಕೊಂಡು ಹೋಗಿರುತ್ತೆ, ಬಿಡೇ,” ಎಂದ ಅವನು, ಬೂಟಿನ ದಾರ ಬಿಚ್ಚುತ್ತ.

“ಒಂದು ಪುಕ್ಕಾನೂ ಉದುರಿಸದೆ? ಅದ್ಯಾವ ನರೀರೀ, ಪೊರಕೆ ತಗೊಂಡು ಬಂದಿತ್ತಾ?”

ಅವನು ಬಿಚ್ಚಿದ ದಾರವನ್ನೇ ಮತ್ತೆ ಬಿಚ್ಚಿದ.

ಅವಳ ತಲೆಗೆ ಹುಳ ಹೊಕ್ಕಿತ್ತು. ನಾಳೆ ಊಟ ಒಯ್ಯುವ ಸರದಿ ಹೇಗೂ ತನ್ನದು. ಬೂದು ಕೋಳಿಯ ಜೊತೆಗೇ ಮೊಟ್ಟೆಯೊಡೆದು ಬಂದ ಕಂದು ಕೋಳಿಯನ್ನು ಹಿಡಿದಳು. ದಿನ ಬಿಟ್ಟು ದಿನ ಮೊಟ್ಟೆಯಿಡುತ್ತಿದ್ದ ಕೋಳಿ. ಕಳೆದ ಕೋಳಿಯ ಸಾಕ್ಷಿಗೆ ಇದ್ದ ಕೋಳಿಯನ್ನು ಕೊಯ್ದಳು.

ಸಣ್ಣ ಉರಿಯಲ್ಲಿ ಎರಡು ಗಂಟೆ ಬೇಯಿಸಿ, ಬೆಂದ ನೀರಿನಲ್ಲೇ ಆರಲು ಬಿಟ್ಟಳು. ಸೌತೆಕಾಯಿ ಹೆಚ್ಚಿ ಉಪ್ಪು ಹಚ್ಚಿ, ನೀರು ಬಿಟ್ಟ ಮೇಲೆ ಹಿಂಡಿದಳು. ಹಿಂಡದಿದ್ದರೆ ಮಧ್ಯಾಹ್ನದ ಹೊತ್ತಿಗೆ ಸಲಾಡ್ ಗಂಜಿಯಾಗುತ್ತದೆ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿಗೆ ಬೆಂದ ಮೊಟ್ಟೆಯ ಹಳದಿ ಕಿವುಚಿದಳು. ಈರುಳ್ಳಿ, ಕುಟ್ಟಿದ ಮೆಣಸು, ನಿಂಬೆರಸ. ಸಕ್ಕರೆ ಇಲ್ಲ, ಬಾಟಲಿಯ ಸಾಸೂ ಇಲ್ಲ. ನಾಲಿಗೆಗೆ ಹಚ್ಚಿ ನೋಡಿ ಇನ್ನಷ್ಟು ನಿಂಬೆ ಹಿಂಡಿದಳು, ಮತ್ತೆ ನೋಡಿ ಒಂದು ಚಿಟಿಕೆ ಉಪ್ಪು. ತನಗೆ ಬೇಕಾದ ಹುಳಿ ಬರುವ ತನಕ ಬಡಗಿಯ ಹೆಂಡತಿ ಮನಸ್ಸಿನಲ್ಲೇ ಇರಲಿಲ್ಲ.

ಆಮೇಲೆ ಕರವಸ್ತ್ರ ಬಿಚ್ಚಿ, ತಟ್ಟೆಯಲ್ಲಿ ಎರಡೂ ಕೋಳಿಗಳ ಎಳೆಗಳನ್ನು ಪಕ್ಕಪಕ್ಕ ಇಟ್ಟಳು. ಅದೇ ಉದ್ದ, ಅದೇ ಹಳದಿ ಛಾಯೆ. ಎಳೆದರೆ ಅದೇ ಬಿಗಿ.

“ಸಿಕ್ಕಿಬಿದ್ಲು,” ಎಂದಳು ಗೋಡೆಗೆ.

ಬೆಳಿಗ್ಗೆ ಕುಡುಗೋಲು, ಡಬ್ಬಿ ಹಿಡಿದು ಬಡಗಿಯ ಅಂಗಳಕ್ಕೆ ನಡೆದಳು. ಬಡಗಿಯ ಹೆಂಡತಿ ಕುಡುಗೋಲು ಮಸೆಯುತ್ತಿದ್ದಳು. ಮೊಟ್ಟೆಯಕ್ಕ ಡಬ್ಬಿ ತೆರೆದು ಅವಳ ಮೂಗಿನ ಕೆಳಗೆ ಹಿಡಿದಳು.

“ಇದು ನನ್ನ ಕೋಳಿ. ನಿನ್ನೆ ನೀನು ತಿನ್ನಿಸಿದ್ದೂ ನನ್ನ ಕೋಳೀನೇ. ಹೌದೋ ಅಲ್ವೋ?”

ಬಡಗಿಯ ಹೆಂಡತಿಯ ಮುಖ ಕೆಂಪಾಯಿತು. “ಅಕ್ಕ, ನನ್ನನ್ನ ಕೇಳ್ಬೇಡ.”

“ಕಳ್ಳೀನ ಕೇಳದೆ ಇನ್ಯಾರನ್ನ ಕೇಳ್ಲಿ?”

ಮಸೆಗಲ್ಲು ನಿಂತಿತು. ಒಳಗಿನಿಂದ ಬಡಗಿ ಮೈಮೇಲಿನ ಹೊಟ್ಟು ಕೊಡವುತ್ತ ಬಂದ.

“ಅಕ್ಕ, ಬಾಯಿ ಬಿಗಿ ಹಿಡೀರಿ. ಆ ಕೋಳಿ ತಂದುಕೊಟ್ಟಿದ್ದು ನಿಮ್ಮನೆಯವ್ರೇ. ನೀವು ಬೇಡ ಬೇಡ ಅಂದ್ರೂ ಅವ್ರು ಅಟ್ಟದ ಏಣೀನ ಮಳೇಲಿ ಬಿಟ್ಟಿದ್ರಂತೆ. ಹತ್ತೋಕೆ ಹೋಗಿ ಎರಡು ಮೆಟ್ಟಿಲು ಮುರಿದ್ರು. ಹೊಸದು ಹಾಕಿಕೊಟ್ಟೆ. ದುಡ್ಡು ಬೇಡ ಅಂದಿದ್ದಕ್ಕೆ, ಮೊಟ್ಟೆ ನಿಲ್ಸಿದ ಕೋಳಿ ಅಂತ ಇದನ್ನ ತಂದ್ರು. ಹೊಸ ಮೆಟ್ಟಿಲಿಗೆ ಕೆಸರು ಬಳ್ಕೊಂಡು ಹೋದ್ರು, ನಿಮಗೆ ಕಾಣಬಾರ್ದು ಅಂತ. ಯಾರಿಗೂ ಹೇಳ್ಬೇಡಿ ಅಂತ ಕೈ ಮುಗಿದಿದ್ರು.”

ಮೊಟ್ಟೆಯಕ್ಕ ಡಬ್ಬಿಯ ಮುಚ್ಚಳ ಹಾಕಿದಳು.

“ಮತ್ತೆ ನನ್ನ ಮುಂದೇನೇ ಯಾಕೆ ತಂದೆ?” ಅವಳ ದನಿ ಇಳಿದಿತ್ತು.

“ನಿನ್ನ ಕೋಳಿ,” ಎಂದಳು ಬಡಗಿಯ ಹೆಂಡತಿ, ಮುಖ ಎತ್ತದೆ. “ನಿನಗೊಂದು ತುತ್ತೂ ಇಲ್ಲದೆ ನಾವೇ ಹೇಗೆ ತಿನ್ನೋದು ಅಂತ ತಂದೆ. ನನ್ನ ಬುದ್ಧಿಗೇನಾಗಿತ್ತೋ.”

ಕುಡುಗೋಲು ಎತ್ತಿಕೊಂಡು ಅವಳು ಹುಲ್ಲಿಗಿಳಿದಳು. ಬಾ ಎನ್ನಲಿಲ್ಲ. ಮೊಟ್ಟೆಯಕ್ಕ ಪಕ್ಕದ ಸಾಲು ಹಿಡಿದಳು.

ಎಂದಿನ ಮಾತಿಲ್ಲ, ನಗುವಿಲ್ಲ. ಮೊಟ್ಟೆಯಕ್ಕನಿಗೆ ಅವಳಿಗಿಂತ ಮುಂದೆ ಹೋಗುವುದಕ್ಕೂ ನಾಚಿಕೆ, ಹಿಂದುಳಿಯುವುದಕ್ಕೂ ನಾಚಿಕೆ. ಮಧ್ಯಾಹ್ನ ಡಬ್ಬಿ ಮುಂದಿಟ್ಟಳು. ಬಡಗಿಯ ಹೆಂಡತಿ ಎರಡು ತುತ್ತು ತಿಂದಳು.

“ಹುಳಿ ಸರಿ ಇದ್ಯಾ?”

“ನಿನಗೆ ಸರಿ ಇದ್ರೆ ಸಾಕಲ್ಲ ಅಕ್ಕ.”

ಮಿಕ್ಕದ್ದು ಹಾಗೇ ಉಳಿಯಿತು.

ಹೊತ್ತು ಇಳಿಯುವಾಗ ಹುಲ್ಲೆಲ್ಲ ನೆಲ ಹಿಡಿದಿತ್ತು. ತನ್ನ ಪಾಲಿಗಿಂತ ಮೂರು ಸಾಲು ಹೆಚ್ಚಿಗೇ ಕೊಯ್ದಿದ್ದಳು ಮೊಟ್ಟೆಯಕ್ಕ. ಬೇಲಿಯ ಗೇಟಿನವರೆಗೂ ‘ತಪ್ಪಾಯ್ತು’ ಎನ್ನುವ ಮಾತು ಗಂಟಲಿಗೆ ಬಂದು ಬಂದು ಹೋಯಿತು. “ನಾಡಿದ್ದು ನಿಮ್ಮ ಇಳಿಜಾರಿನ ಹುಲ್ಲಿಗೆ…” ಎಂದಷ್ಟೇ ಹೊರಬಿತ್ತು.

“ಅದನ್ನ ನಾವೇ ಕೊಯ್ಕೋತೀವಿ,” ಎಂದಳು ಬಡಗಿಯ ಹೆಂಡತಿ. “ನಿನ್ನೆ ನಾನು ಬಂದೆ, ಇವತ್ತು ನೀನು ಬಂದೆ. ತೀರಿತು ಅಕ್ಕ.”

ಆ ಹದಿನೆಂಟು ವರ್ಷಗಳಲ್ಲಿ ಒಂದು ದಿನದ ಕೆಲಸದ ಬಾಕಿ ಯಾವಾಗಲೂ ಯಾರಾದರೊಬ್ಬರ ತಲೆಯ ಮೇಲೆ ಉಳಿದೇ ಇರುತ್ತಿತ್ತು. ಆಚೆಯಿಂದ ಗೇಟಿನ ಚಿಲಕ ಬಿತ್ತು.