ಸೂಜಿ ಮುಟ್ಟದ ಪರದೆ

ಅಡಿಗೆ ಕಟ್ಟೆಯ ಕೆಳಗಿನ ಪರದೆ ಎತ್ತಿ, ಒಳಗೆ ತಲೆ ತೂರಿಸಿ, ತ್ರಿಶಲಾ ತಾಮ್ರದ ಹಂಡೆಯನ್ನು ಎಳೆಯುತ್ತಿದ್ದಳು. ಹಂಡೆಯ ಕಿವಿಗೆ ಹಳೆಯ ಕುಕ್ಕರ್ ಸಿಕ್ಕಿಕೊಂಡಿತ್ತು. ಕುಕ್ಕರ್ ಹಿಂದೆ ಶಾವಿಗೆ ಮಣೆ, ಅದರ ಹಿಂದೆ ಇನ್ನೂ ಏನೇನೋ. ಹೊರಗಿನಿಂದ ನೋಡಿದವರಿಗೆ ಮಾತ್ರ ಅಚ್ಚುಕಟ್ಟಾದ ನಿರಿಗೆಯ ನೀಲಿ ಬಟ್ಟೆ. ಅತ್ತೆ ತಾರಾಬಾಯಿಯ ಮನೆ ಎಂದರೆ ಹಾಗೇ, ಮುಂದೆ ಪರದೆ, ಹಿಂದೆ ಸಂತೆ.

ಆ ತಾರಾಬಾಯಿ ಈಗ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ಬೆಳಿಗ್ಗೆ ಆರಕ್ಕೆ ಎದ್ದು, "ಎದಿ ಯಾಕೋ ಹಿಡದಂಗ ಆಗೇತಿ" ಎಂದವರು ಚಹಾ ಆರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಜೈನರ ಮನೆಯಲ್ಲಿ ಹೆಣವನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ. ಸಮಾಜದ ಹಿರಿಯರಾದ ದುಂಡಪ್ಪನವರು ಬಂದಾಗಿನಿಂದ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು. ಗಂಡ ವಿಪುಲ ಹೊರಗೆ ಚಟ್ಟಕ್ಕೆ ಬಿದಿರು ಕಟ್ಟಿಸುತ್ತಿದ್ದ.

"ತ್ರಿಶಲಾ, ಖಾನಾಪುರದಾವ್ರು ಬಂದ್ರು ನೋಡ." ಬಾಜು ಮನೆಯ ಸುಮನ್ ಕಾಕು ಒಳಗೆ ಬಂದು ಪಿಸುಗುಟ್ಟಿದರು. "ನಿಮ್ಮತ್ತಿ ಅಣ್ಣ ಬಂದಾನ. ಖರೇನ ಬಂದಾನ!"

ತ್ರಿಶಲಾ ಹಂಡೆ ಬಿಟ್ಟು ಎದ್ದಳು. "ಕೈಯಾಗ ಏನೈತ್ರಿ ಕಾಕು?"

"ಏನಿಲ್ಲವಾ. ಬರೇ ಕೈ."

ಹೆಣ್ಣುಮಗಳು ತೀರಿಕೊಂಡರೆ ತವರಿನವರು ಸೀರೆ ತರಬೇಕು, ಅದನ್ನು ಹೊದಿಸಿಯೇ ಎತ್ತಬೇಕು. ಅತ್ತೆಗೆ ಬೇರೆ ಯಾವ ಆಸೆಯೂ ಇದ್ದಂತಿರಲಿಲ್ಲ, ಇದೊಂದನ್ನು ಬಿಟ್ಟು. "ತವರ ಸೀರಿ ಇಲ್ಲದ ನನ್ನ ಎತ್ತಬ್ಯಾಡ್ರಿ" ಎಂದು ಹೋದ ವರ್ಷವೂ ಹೇಳಿದ್ದರು. ಅದಕ್ಕೇ ತ್ರಿಶಲಾ ಏಳು ಗಂಟೆಗೇ ಫೋನು ಮಾಡಿ, "ಮಾಮಾರ, ಸೀರಿ ನೀವ ತರಬೇಕ್ರಿ" ಎಂದಿದ್ದಳು. ಆ ಕಡೆಯಿಂದ "ಹೂಂ" ಅಂತಷ್ಟೇ ಬಂದಿತ್ತು.

ಅಣ್ಣ ನೇಮಿನಾಥರಿಗೆ ಎಂಬತ್ತರ ಹತ್ತಿರ. ಧೋತರ, ಬಿಳಿ ಟೊಪ್ಪಿಗೆ, ಹೆಗಲ ಮೇಲೊಂದು ಟಾವೆಲ್. ತಂಗಿಯ ಮುಖವನ್ನು ಒಮ್ಮೆ ನೋಡಿ ಗೋಡೆಗೆ ಒರಗಿ ಕೂತವರು ಮತ್ತೆ ಆ ಕಡೆ ನೋಡಲಿಲ್ಲ. ಅವರ ಕಣ್ಣು ಮನೆಯೆಲ್ಲ ಸುತ್ತುತ್ತಿತ್ತು. ಚಪ್ಪಲಿ ಗೂಡಿನ ಮುಂದೆ ಕಂದು ಪರದೆ, ಮಂಚದ ಕೆಳಗೆ ಹಸಿರು, ಬಾಗಿಲಿಲ್ಲದ ಕಪಾಟಿಗೆ ನೇರಳೆ.

"ನೇಮಣ್ಣ, ತವರ ಸೀರಿ ಕೊಡ್ರಿ," ಎಂದರು ದುಂಡಪ್ಪ. "ಹೊತ್ತಾಗತೈತಿ."

"ತಂದಿಲ್ಲ."

ಹೆಂಗಸರ ಅಳು ಗಕ್ಕನೆ ನಿಂತಿತು.

"ಯಾಕಂದ್ರ, ಈ ಮನಿ ನೋಡ್ರಿ. ಚಪ್ಪಲಿ ಮುಂದ ಜೋತು ಬಿದ್ದೈತಲ್ಲ, ಅದು ನಾ ಪಂಚಮಿಗೆ ಕಳಿಸಿದ ಸೀರಿ. ಆ ಕಾಟಿನ ಬುಡಕ ಇರೂದೂ ನಂದ. 'ನಿಮ್ಮ ತಂಗಿ ನಿಮ್ಮ ಸೀರಿ ಹರದು ಪಡದಾ ಮಾಡ್ಯಾಳ' ಅಂತ ಮೂರು ವರ್ಷದ ಹಿಂದ ನಮ್ಮೂರಾಂವ ಒಬ್ಬ ಬಂದು ಹೇಳಿದ. ಅವತ್ತ ಕಳಿಸೂದು ಬಿಟ್ಟೆ. ಇವತ್ತ ಕಣ್ಣಾರೆ ಕಂಡೆ." ಮುದುಕ ಅಡಿಗೆಮನೆಯ ಕಡೆ ಕೈ ಮಾಡಿದರು. "ಇನ್ನೊಂದು ತಂದ್ರ ಅದನ್ನ ಯಾವ ಡಬ್ಬಿ ಮುಂದ ಕಟ್ಟಾವ್ರು ನೀವು?"

ತ್ರಿಶಲಾಳಿಗೆ ತಲೆ ಎತ್ತಲೂ ಆಗಲಿಲ್ಲ. ಮುದುಕ ಹೇಳಿದ್ದು ಸುಳ್ಳೆಂದು ಹೇಳುವ ಹಾಗಿರಲಿಲ್ಲ.

*

ಅಣ್ಣತಂಗಿಯ ಮಾತು ನಿಂತು ಇಪ್ಪತ್ತೊಂದು ವರ್ಷವಾಗಿತ್ತು. ಖಾನಾಪುರದಲ್ಲಿ ತಾಯಿ ತೀರಿಕೊಂಡ ದಿನ ತಾರಾಬಾಯಿ ಬೆಳಗಾವಿಯಿಂದ ಬಸ್ಸು ಹತ್ತಿದ್ದರು. ದೇಸೂರಿನ ಹತ್ತಿರ ಲಾರಿಯೊಂದು ಅಡ್ಡ ಬಿದ್ದು ದಾರಿ ಕಟ್ಟಿತ್ತು. ಊರು ಮುಟ್ಟುವಷ್ಟರಲ್ಲಿ ಚಿತೆ ಉರಿಯುತ್ತಿತ್ತು.

"ಅರ್ಧಾ ತಾಸು ತಡಿಯಾಕ ಆಗಲಿಲ್ಲೇನು ಅಣ್ಣಾ?"

"ಹೊತ್ತು ಮುಳುಗಿದ ಮ್ಯಾಲ ಎತ್ತಾಕ ಬರೂದಿಲ್ಲ. ನಿನಗ ಗೊತ್ತಿಲ್ಲೇನು?"

ತಾರಾಬಾಯಿ ತವರಿನ ನೀರನ್ನೂ ಮುಟ್ಟದೆ ತಿರುಗಿ ಬಸ್ಸು ಹತ್ತಿದರು. ಆಮೇಲೆ ಶುರುವಾಯಿತು ಇಬ್ಬರ ಹಠ. ಅಣ್ಣನಿಗೆ ತಕ್ಕ ತಂಗಿ, ತಂಗಿಗೆ ತಕ್ಕ ಅಣ್ಣ. ನೇಮಿನಾಥರು, ತಂಗಿಯನ್ನು ತವರಿಗೆ ಕರೆಯಬೇಕಾದ ಪ್ರತಿ ನಾಗರಪಂಚಮಿಗೆ, ಬೆಳಗಾವಿಯ ಶಹಾಪುರಕ್ಕೆ ಬಂದು, ಮಗ್ಗದ ಸೀರೆಗಳಲ್ಲಿ ಒಳ್ಳೆಯದನ್ನೇ ಆರಿಸಿ, ಅಂಗಡಿಯವನ ಕೈಯಲ್ಲಿ ಅನಗೋಳದಲ್ಲಿದ್ದ ತಂಗಿಗೆ ಕಳಿಸಿ, ತಾವು ಊರ ಬಸ್ಸು ಹಿಡಿಯುತ್ತಿದ್ದರು. ತಂಗಿಯ ಮನೆ ಅಲ್ಲಿಂದ ರಿಕ್ಷಾದಲ್ಲಿ ಹತ್ತು ನಿಮಿಷ. ಆ ಹತ್ತು ನಿಮಿಷ ಮಾತ್ರ ಅವರಿಂದ ಆಗಲಿಲ್ಲ.

ತ್ರಿಶಲಾ ಸೊಸೆಯಾಗಿ ಬಂದಾಗ ಮನೆ ತುಂಬ ಈ ಪರದೆಗಳೇ. ಅವಳಿಗೆ ಮೊದಲಿನಿಂದಲೂ ಮುಚ್ಚಿಟ್ಟದ್ದನ್ನು ಎತ್ತಿ ನೋಡುವ ಚಾಳಿ. ಒಂದು ದಿನ ಅತ್ತೆ ಸ್ಟೂಲು ಹತ್ತಿ, ಕಪಾಟಿನ ಎರಡೂ ಕಡೆ ಮೊಳೆ ಹೊಡೆದು ಸ್ಪ್ರಿಂಗ್ ತಂತಿ ಎಳೆಯುತ್ತಿದ್ದರು. ಬಟ್ಟೆಯ ಮೇಲಿನ ಅಂಚನ್ನು ತಂತಿಯ ಮೇಲೆ ಮಡಚಿ ಇಳಿಬಿಟ್ಟು, ಗೇಣಿಗೊಂದು ಬಟ್ಟೆ ಕ್ಲಿಪ್ಪು ಸಿಕ್ಕಿಸಿದರೆ ಮುಗಿಯಿತು.

"ಅತ್ತಿ, ಮೂಲಿ ದರ್ಜಿ ಕಡೆ ಕೊಟ್ರ ಚೆಂದಗೆ ಹೊಲದು ಕೊಡ್ತಾನ್ರಿ."

"ಸೂಜಿ ಬ್ಯಾಡ."

"ಹಂಗಾರ ಪಿನ್ನರ ಹಚ್ಚೂಣ್ರಿ. ಕ್ಲಿಪ್ಪು ಜಾರತಾವ."

"ಪಿನ್ನೂ ಬ್ಯಾಡವಾ. ತೂತು ಬೀಳತೈತಿ."

ಕಪಾಟು ಮುಚ್ಚುವ ಬಟ್ಟೆಗೆ ತೂತು ಬಿದ್ದರೇನು? ತ್ರಿಶಲಾಳಿಗೆ ಕುತೂಹಲ ತಡೆಯಲಿಲ್ಲ. "ಖರೇ ಹೇಳ್ರಿ ಅತ್ತಿ, ಇಷ್ಟು ಚೆಂದನ ಸೀರಿ ನೀವ್ಯಾಕ ಉಡೂದಿಲ್ಲ?"

ತಾರಾಬಾಯಿ ನಿರಿಗೆ ಸರಿಮಾಡಿದರು. "ಅಂಗಡಿಯಾಂವ ತಂದು ಕೊಟ್ಟದ್ದು ಉಡಾಕ ನಾ ಏನು ಗಿರಾಕಿನ? ಅಣ್ಣ ಬಂದು, 'ತಾರಾ, ಪಂಚಮಿಗೆ ನಡಿ' ಅಂದ ದಿನ ಉಡ್ತೀನಿ. ಅಲ್ಲೀತನಕ ಪೆಟ್ಟಿಗ್ಯಾಗ ಯಾಕ ಕೊಳೀಬೇಕು? ಕಣ್ಣ ಮುಂದ ಇರಲಿ."

ಅದು ಬರೀ ಹಠದ ಮಾತು, ಹೊಸ ಸೀರೆಗಳನ್ನು ಸಿಟ್ಟಿನಿಂದ ಕತ್ತರಿಸಿ ಹಾಕಿದ್ದಾರೆ ಎಂದೇ ತ್ರಿಶಲಾ ತಿಳಿದಳು. ಆ ಒಂದು ದಿನ ಬಿಟ್ಟರೆ ಪರದೆ ಇಳಿಸುವುದು, ಒಗೆಯುವುದು, ಮತ್ತೆ ಏರಿಸುವುದು ಎಲ್ಲವನ್ನೂ ಅತ್ತೆ ಅವಳು ಆಫೀಸಿಗೆ ಹೋದ ಹೊತ್ತಿನಲ್ಲೇ ಮಾಡುತ್ತಿದ್ದರು. ಒಂಬತ್ತು ವರ್ಷದಲ್ಲಿ ಪೂರ್ತಿ ಬಿಚ್ಚಿ ಹರವಿದ ಪರದೆಯನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

*

"ಶಹಾಪುರಕ್ಕ ಯಾರನ್ನಾರ ಓಡಸ್ರಿ," ಎಂದರು ದುಂಡಪ್ಪ. "ಯಾವುದರ ಒಂದು ಸೀರಿ ತರಸಿ ನೇಮಣ್ಣನ ಕೈಲೆ ಹಾಕಸೂಣು."

"ನಾ ಹಾಕೂದಿಲ್ಲ," ಎಂದು ನೇಮಿನಾಥರು ಎದ್ದು ನಿಂತರು. "ಒಂದು ಚೊಂಬು ನೀರು ಹಾಕಿ ಹೋಗ್ತೀನಿ."

ನೀರೆಂದ ಕೂಡಲೇ ತ್ರಿಶಲಾಳಿಗೆ ಹಂಡೆಯ ನೆನಪಾಯಿತು. ಕಣ್ಣೀರು ಒರೆಸಿಕೊಂಡು ಒಳಗೆ ಹೋದಳು. ಸುಮನ್ ಕಾಕು ಗೊಣಗುತ್ತ ಹಿಂದೆಯೇ ಬಂದರು. "ಏನ ಹೆಂಗಸಪಾ ನಿಮ್ಮತ್ತಿ! ನಮ್ಮನಿ ಪಡದಾ ಮಾಡುವಾಗ ಹಳೇ ಚಾದರ ಚರಚರ ಕತ್ತರಿಸಿ, ಹೊಲಿಗಿ ಬದಲಿ ಅಂಟಿನ ಟೇಪ್ ಹಚ್ಚಿ, ಇಸ್ತ್ರಿ ತಿಕ್ಕಿ ಕೊಟ್ಟಳು. ಓಣಿಗೆಲ್ಲಾ ಹಂಗ ಮಾಡಿಕೊಟ್ಟಳು. ತನ್ನ ಮನ್ಯಾಗ ಮಾತ್ರ ಕತ್ತರಿ ಹಿಡದದ್ದು ನಾ ನೋಡಿಲ್ಲ."

ತ್ರಿಶಲಾ ಹಂಡೆಯನ್ನು ಜೋರಾಗಿ ಎಳೆದಳು. ಅದರ ಕಿವಿ ಪರದೆಗೆ ಸಿಕ್ಕು, ಕ್ಲಿಪ್ಪುಗಳು ಪಟಪಟನೆ ಹಾರಿ, ನೀಲಿ ಬಟ್ಟೆ ಅವಳ ತಲೆಯ ಮೇಲೆಯೇ ಬಿತ್ತು. ಸರಿಸಲು ಹೋದಳು. ಎಳೆದಷ್ಟೂ ಬಂತು. ಎರಡು ಮಾರು, ಮೂರು ಮಾರು. ಕೊನೆಯಲ್ಲಿ ಕೆಂಪು ಸೆರಗು ಬಂತು, ಅದರ ಎಳೆಗಳಿಗೆ ಇನ್ನೂ ಕುಚ್ಚು ಸಹ ಕಟ್ಟಿರಲಿಲ್ಲ.

ತ್ರಿಶಲಾ ನೆಲದ ಮೇಲೆ ಹಾಗೇ ಕೂತುಬಿಟ್ಟಳು. "ಪಿನ್ನೂ ಬ್ಯಾಡವಾ" ಎಂದದ್ದು ಈಗ ಅವಳಿಗೆ ಅರ್ಥವಾಯಿತು. ಒಂಬತ್ತು ವರ್ಷ ಎಲ್ಲದರ ಮುಸುಕು ಎತ್ತಿ ನೋಡಿದವಳು, ಎದುರಿಗಿದ್ದ ಬಟ್ಟೆಯನ್ನೇ ನೋಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಎದ್ದು ಸೀರೆಯನ್ನು ಅಪ್ಪಿಕೊಂಡು ನಡುಮನೆಗೆ ಓಡಿದಳು.

"ಮಾಮಾರ, ಒಂದು ತುದಿ ಹಿಡೀರಿ."

"ಏನದು?"

"ಹಿಡೀರಿ ಅಂದ್ರ ಹಿಡೀರಿ."

ಮುದುಕ ತುದಿ ಹಿಡಿದರು. ತ್ರಿಶಲಾ ಸೆರಗು ಹಿಡಿದು ಹಿಂದೆ ಹಿಂದೆ ಹೋದಳು, ಬಾಗಿಲು ದಾಟಿ ಪಡಸಾಲೆಯವರೆಗೂ. ಅತ್ತೆಯ ಮೇಲೆ ಚಪ್ಪರ ಕಟ್ಟಿದಂತೆ ಸೀರೆ ನಿಂತಿತು.

"ಎಲ್ಲಿ ಹರದಾರ್ರಿ? ಒಂದು ಸೂಜಿ ತೂತು ತೋರಸ್ರಿ ನೋಡೂಣು!"

ಅಷ್ಟರಲ್ಲಿ ಸುಮನ್ ಕಾಕು ಚಪ್ಪಲಿ ಗೂಡಿನ ಕ್ಲಿಪ್ಪು ಬಿಚ್ಚಿದ್ದರು. ಅದೂ ಇಡೀ ಸೀರೆಯೇ. ಹೊರಗಿನಿಂದ ಬಂದ ವಿಪುಲ ಅದರ ಇನ್ನೊಂದು ತುದಿ ಹಿಡಿದ.

ನೇಮಿನಾಥರು ಬಟ್ಟೆಯನ್ನು ಬೆಳಕಿಗೆ ಹಿಡಿದು ಬೆರಳಾಡಿಸಿದರು. ನಿರಿಗೆಯ ಹೊರಮೈ ಕಂಡಲ್ಲೆಲ್ಲ ಬಿಸಿಲಿಗೆ, ಒಗ್ಗರಣೆಯ ಹೊಗೆಗೆ ಬಣ್ಣ ಮಾಸಿತ್ತು. ಒಳಗೆ ಅಡಗಿದ್ದಲ್ಲಿ ಅಂಗಡಿಯಿಂದ ತಂದ ದಿನದ ನೀಲಿ. ಸೀರೆಯ ತುಂಬ ಉದ್ದುದ್ದ ಪಟ್ಟೆ.

"ಉಡಲಿಲ್ಲ ಯಾಕವಾ ಮತ್ತ?"

"ನೀವು ಬಂದು ಕರೀಲಿಲ್ಲಂತ್ರಿ," ಎಂದಳು ತ್ರಿಶಲಾ. "'ತಾರಾ, ಪಂಚಮಿಗೆ ನಡಿ' ಅಂದ ದಿನ ಉಡ್ತೀನಿ ಅಂದಿದ್ರು."

ಮುದುಕನ ಮೋರೆ ಮಗುವಿನ ಮೋರೆಯಂತೆ ಮುದುಡಿತು. ದುಂಡಪ್ಪನವರು ಗಡಿಯಾರಕ್ಕೆ ಬೆನ್ನು ಮಾಡಿ ಕೂತರು. ನೇಮಿನಾಥರು ಮೊಣಕಾಲೂರಿ, ಸೀರೆಯನ್ನು ತಂಗಿಯ ಮೇಲೆ ಕೊರಳವರೆಗೂ ಹೊದಿಸಿದರು. ಅಂಚು ಸರಿಮಾಡಿದರು. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿದರು.

"ಪಂಚಮಿಗೆ ಕರ್ಯಾಕ ಬಂದೀನಿ ತಾರಾ. ತಡಾ ಆತು. ನಡಿ ನಮ್ಮವ್ವಾ."

*

ಸದಾಶಿವನಗರದ ಸ್ಮಶಾನದಿಂದ ಗಂಡಸರು ಮರಳಿದಾಗ ಮೂರು ದಾಟಿತ್ತು. ಸ್ನಾನ ಮುಗಿಸಿದವರಿಗೆ ಸುಮನ್ ಕಾಕು ತಮ್ಮ ಮನೆಯಿಂದ ಅನ್ನ ಸಾರು ತಂದಿದ್ದರು. ಹೊತ್ತು ಮುಳುಗುವ ಮುಂಚೆ ಉಣ್ಣಬೇಕೆಂದು ದುಂಡಪ್ಪನವರು ಮತ್ತೆ ಅವಸರ ಮಾಡುತ್ತಿದ್ದರು. ನೇಮಿನಾಥರು ಮಾತ್ರ ಎಲೆಯ ಮುಂದೆ ಕೂರಲಿಲ್ಲ, ಅಡಿಗೆಮನೆಗೆ ಬಂದರು.

ಕಟ್ಟೆಯ ಕೆಳಗೆ ಎಲ್ಲವೂ ಬಟಾಬಯಲಾಗಿತ್ತು. ಹಿಡಿ ಮುರಿದ ಕುಕ್ಕರ್, ಶಾವಿಗೆ ಮಣೆ, ಮುಚ್ಚಳವಿಲ್ಲದ ಡಬ್ಬಿಗಳು, ಖಾಲಿ ಬಾಟಲಿಗಳು. ಅದರ ಮುಂದೆ ಬರಿ ತಂತಿ.

"ಕ್ಲಿಪ್ಪು ಎಲ್ಲಿ ಅದಾವವಾ?"

ತ್ರಿಶಲಾ ಬುಟ್ಟಿ ಕೊಟ್ಟಳು.

"ಹೆಂಗ ಹಾಕ್ತಿದ್ದಳು? ತೋರಸು."

ಅವಳು ತೋರಿಸಿದಳು. ಮುದುಕ ನೆಲದ ಮೇಲೆ ಕೂತು, ಹೆಗಲ ಮೇಲಿನ ಒದ್ದೆ ಟಾವೆಲನ್ನು ಹಿಂಡಿ, ಕೊಡವಿ, ಅಂಚನ್ನು ತಂತಿಯ ಮೇಲೆ ಮಡಚಿದರು. ಗೇಣಿಗೊಂದು ಕ್ಲಿಪ್ಪು ಸಿಕ್ಕಿಸುತ್ತ ಹೋದರು. ಟಾವೆಲು ಅರ್ಧ ತಂತಿಗೇ ಮುಗಿಯಿತು. ಉಳಿದರ್ಧದಲ್ಲಿ ಡಬ್ಬಿಗಳು ಹಾಗೇ ಕಾಣುತ್ತಿದ್ದವು. ನೇಮಿನಾಥರು ಇನ್ನೊಂದು ಕ್ಲಿಪ್ಪನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತಿದ್ದರು, ಟಾವೆಲಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.